ಕೆರೆ ಯಾರದು? ಅರ್ಜಿ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ



ನಿಮ್ಮಲ್ಲಿ ಅನೇಕರು ಶಾಲೆಯಲ್ಲೋ ಕಾಲೇಜಿನಲ್ಲೋ ಒಂದಲ್ಲ ಒಂದು ‘ಪ್ರಾಜೆಕ್ಟ್’ ಮಾಡಿರುತ್ತೀರಿ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಹೆಸರು ಕೇಳಿರುತ್ತೀರಿ. ಎನ್.ಎಸ್.ಎಸ್. ಶಿಬಿರದಲ್ಲಿ ಗುದ್ದಲಿ ಹಿಡಿದಿರುತ್ತೀರಿ. ಎಂಜಿನಿಯರಿಂಗ್ ಓದುವವರಿಗಂತೂ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಯೋಜನೆಗಳಿಗೆ ಧನಸಹಾಯ ಕೊಡುವುದು ಗೊತ್ತಿರುತ್ತದೆ. ಹೀಗೆ ಯಾರಿಂದಲಾದರೂ ಹಣ ಪಡೆದು ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕೆಂದರೆ ಮೊದಲು ಒಂದು ಅರ್ಜಿ, ಅಂದರೆ ಯೋಜನಾ ಪ್ರಸ್ತಾವನೆ, ಬರೆಯಬೇಕಾಗುತ್ತದೆ. ಉದ್ದೇಶವೇನು, ವಿಧಾನವೇನು, ಎಷ್ಟು ಹಣ ಬೇಕು, ಎಷ್ಟು ಕಾಲ ಬೇಕು ಎಂಬ ಕಾಲಂಗಳನ್ನು ನೀವು ಸುಲಭವಾಗಿ ತುಂಬುತ್ತೀರಿ. ಇವುಗಳ ನಡುವೆ ಇನ್ನೊಂದು ಕಾಲಂ ಇರುತ್ತದೆ: “ಈ ಯೋಜನೆಗೆ ಸಂಬಂಧಪಟ್ಟವರು ಯಾರು? ಅವರನ್ನು ಹೇಗೆ ತೊಡಗಿಸಿಕೊಳ್ಳುವಿರಿ?”

ಈ ಕಾಲಂಗೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು: “ಗ್ರಾಮಸ್ಥರು, ಮಹಿಳೆಯರು, ಗ್ರಾಮ ಪಂಚಾಯಿತಿ ಮತ್ತು ಸರ್ಕಾರಿ ಇಲಾಖೆಗಳು. ಸಭೆ ಕರೆದು ಅರಿವು ಮೂಡಿಸಲಾಗುವುದು.” ಯಾವ ಊರಿಗೆ ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಈ ಸಾಲು ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಉತ್ತರ ಯಾವುದಕ್ಕೂ ಉತ್ತರವಾಗುವುದಿಲ್ಲ ಎಂಬುದು ವಿಜ್ಞಾನ ಓದುವ ನಿಮಗೆ ಹೇಳಬೇಕಾಗಿಲ್ಲ. ಈ ಒಂದು ಕಾಲಂ ಬಗ್ಗೆಯೇ ಇಂದು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ಪದದ ಹಿಂದೆ

ಇಂಗ್ಲಿಷಿನಲ್ಲಿ ಇವರನ್ನು ‘ಸ್ಟೇಕ್‌ಹೋಲ್ಡರ್’ ಎನ್ನುತ್ತಾರೆ. ಪಂದ್ಯ ಕಟ್ಟುವ ಇಬ್ಬರೂ ತಮ್ಮ ಹಣವನ್ನು ಮೂರನೆಯವನೊಬ್ಬನ ಕೈಯಲ್ಲಿ ಇಡುತ್ತಿದ್ದರು. ಆ ಪಣದ ಹಣ ಇಟ್ಟುಕೊಳ್ಳುವವನು ಎಂಬುದು ಈ ಪದದ ಹಳೆಯ ಅರ್ಥ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಒಂದು ಟಿಪ್ಪಣಿಯಲ್ಲಿ, ಯಾರ ಬೆಂಬಲವಿಲ್ಲದೆ ಒಂದು ಸಂಸ್ಥೆ ಉಳಿಯಲಾರದೋ ಅವರು ಎಂಬ ಅರ್ಥದಲ್ಲಿ ಅದು ಬಳಕೆಯಾಯಿತು. 1984ರಲ್ಲಿ ಎಡ್ವರ್ಡ್ ಫ್ರೀಮನ್ ಎಂಬ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಅರ್ಥವನ್ನು ಇನ್ನೂ ವಿಸ್ತರಿಸಿದರು: ಒಂದು ಕೆಲಸದ ಮೇಲೆ ಪರಿಣಾಮ ಬೀರಬಲ್ಲವರು, ಇಲ್ಲವೇ ಆ ಕೆಲಸದಿಂದ ಪರಿಣಾಮಕ್ಕೆ ಒಳಗಾಗುವವರು, ಎರಡು ಗುಂಪೂ ಇದರಲ್ಲಿ ಸೇರುತ್ತವೆ ಎಂದರು.

ಕನ್ನಡದಲ್ಲಿ ‘ಪಾಲುದಾರರು’ ಎಂದರೆ ವ್ಯಾಪಾರದಲ್ಲಿ ಹಣ ಹಾಕಿದವರೆಂಬ ಅರ್ಥ ಬರುತ್ತದೆ. ‘ಹಿತಾಸಕ್ತರು’ ಎಂದರೆ ‘ಪಟ್ಟಭದ್ರ ಹಿತಾಸಕ್ತಿ’ಯ ನೆನಪಾಗುತ್ತದೆ. ಸರ್ಕಾರಿ ಕಾಗದಗಳಲ್ಲಿ ‘ಭಾಗೀದಾರರು’ ಎಂದಿರುತ್ತದೆ. ನಾವು ದಿನನಿತ್ಯ ಆಡುವ ‘ಸಂಬಂಧಪಟ್ಟವರು’ ಎಂಬ ಮಾತನ್ನೇ ಇಟ್ಟುಕೊಳ್ಳೋಣ. ಫ್ರೀಮನ್ ಹೇಳಿದ ಎರಡು ಅರ್ಥಗಳನ್ನು ಮಾತ್ರ ಮರೆಯುವುದು ಬೇಡ. ಕೆಲಸವನ್ನು ಕಟ್ಟಬಲ್ಲವರೂ ಕೆಡಿಸಬಲ್ಲವರೂ ಸಂಬಂಧಪಟ್ಟವರೇ. ಏನೂ ಮಾಡಲಾಗದೆ ಕೇವಲ ಫಲ ಅನುಭವಿಸಬೇಕಾದವರೂ ಸಂಬಂಧಪಟ್ಟವರೇ.

ಪಟ್ಟಿಯಲ್ಲಿ ಇಲ್ಲದವರು ಬಂದು ನಿಂತಾಗ

ಈ ಕಾಲಂ ಅರ್ಜಿ ನಮೂನೆಗಳಲ್ಲಿ ಏಕೆ ಬಂತು ಎಂದು ತಿಳಿಯಲು ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಕರಣವನ್ನು ನೋಡಬಹುದು.

1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ನಿಗಮ ಮತ್ತು ಹರಿಹರದ ಒಂದು ಖಾಸಗಿ ಕಾರ್ಖಾನೆ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಕಂಪನಿಯನ್ನು ಆರಂಭಿಸಿದವು. ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಕಾಗದದ ಮೇಲೆ ಎಲ್ಲ ‘ಸಂಬಂಧಪಟ್ಟವರೂ’ ಅದರಲ್ಲಿ ಇದ್ದರು: ಸರ್ಕಾರ, ಅರಣ್ಯ ಇಲಾಖೆ, ಕಾರ್ಖಾನೆ, ಸಾಲ ಕೊಡುವ ಬ್ಯಾಂಕು. ಜಮೀನೂ ‘ಖಾಲಿ’ ಎಂದೇ ದಾಖಲೆಯಲ್ಲಿತ್ತು.

ಆದರೆ ಕಂದಾಯ ದಾಖಲೆಯಲ್ಲಿ ಖಾಲಿ ಇದ್ದ ಜಮೀನು ಊರಿನವರ ಪಾಲಿಗೆ ಖಾಲಿಯಾಗಿರಲಿಲ್ಲ. ಸೌದೆ ಬರುತ್ತಿದ್ದುದು ಅಲ್ಲಿಂದ. ದನಕರು ಮೇಯುತ್ತಿದ್ದುದು ಅಲ್ಲಿ. ಗೊಬ್ಬರಕ್ಕೆ ಸೊಪ್ಪು, ಮನೆಗೆ ಗಳ, ಬುಟ್ಟಿ ಹೆಣೆಯಲು ಬರಲು, ಎಲ್ಲಕ್ಕೂ ಅದೇ ಆಸರೆ. ಇವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮೊದಲಾದ ಸಂಘಟನೆಗಳ ಜೊತೆ ಹಳ್ಳಿಯವರು ಎದ್ದು ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸಂಕೇತವಾಗಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಇದ್ದರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶಕ್ತಿಯಿಲ್ಲದವರೆಂದು ಬಿಟ್ಟುಬಿಟ್ಟವರು ಒಟ್ಟುಗೂಡಿದರೆ ಶಕ್ತಿಯುಳ್ಳವರಾಗುತ್ತಾರೆ. ಪಟ್ಟಿಯಿಂದ ಹೊರಗಿಟ್ಟ ಮಾತ್ರಕ್ಕೆ ಅವರು ಯೋಜನೆಯಿಂದ ಹೊರಗುಳಿಯುವುದಿಲ್ಲ.

ಇದರ ಬೆನ್ನಿಗೇ ಬ್ರಿಟನ್ ಸರ್ಕಾರದ ನೆರವಿನ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಬಂತು. ಈ ಯೋಜನೆಯಲ್ಲಿ ಊರಿನವರ ಪಾತ್ರ ಕೇಂದ್ರ ವಿಷಯವಾಯಿತು. 1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿತು. ಅದೇ ಕಾಲದಲ್ಲಿ ದೇಶದ ಇನ್ನೊಂದು ಕಡೆ, ಸರ್ದಾರ್ ಸರೋವರ ಯೋಜನೆಗೆ 1985ರಲ್ಲಿ ಸಾಲ ಒಪ್ಪಿಕೊಂಡಿದ್ದ ವಿಶ್ವಬ್ಯಾಂಕು, ಮುಳುಗಡೆಯಾಗುವವರ ವಿಷಯದಲ್ಲಿ ಎದ್ದ ಪ್ರಶ್ನೆಗಳಿಂದಾಗಿ ಸ್ವತಂತ್ರ ಪರಿಶೀಲನಾ ಆಯೋಗವನ್ನು ನೇಮಿಸಬೇಕಾಯಿತು. ಅದರ ವರದಿ 1992ರಲ್ಲಿ ಬಂತು. 1993ರಲ್ಲಿ ಭಾರತ ಸರ್ಕಾರ ಉಳಿದ ಸಾಲವೇ ಬೇಡವೆಂದಿತು. 1995ರಲ್ಲಿ ಬ್ರಿಟನ್ನಿನ ನೆರವು ಇಲಾಖೆ, ನೆರವಿನ ಯೋಜನೆಗಳಲ್ಲಿ ಸಂಬಂಧಪಟ್ಟವರನ್ನು ಗುರುತಿಸುವುದು ಹೇಗೆಂದು ಒಂದು ಮಾರ್ಗದರ್ಶಿ ಟಿಪ್ಪಣಿಯನ್ನೇ ಹೊರತಂದಿತು. ಇಂದು ನಿಮ್ಮ ಕೈಗೆ ಬರುವ ನಮೂನೆಯ ಆ ಚಿಕ್ಕ ಕಾಲಂ ಹಿಂದೆ ಇಷ್ಟು ಜನರ ಕಷ್ಟನಷ್ಟದ ಕಥೆ ಇದೆ.

ಒಂದು ಕೆರೆಯ ಸುತ್ತ ಒಂದು ಸುತ್ತು

ಈಗ ನಿಮ್ಮ ಕೆಲಸಕ್ಕೆ ಬರೋಣ. ಒಳನಾಡಿನ ಒಂದು ಬಯಲುಸೀಮೆ ಹಳ್ಳಿ. ಅಲ್ಲೊಂದು ಹೂಳು ತುಂಬಿದ ಕೆರೆ. ನಿಮ್ಮ ಕಾಲೇಜಿನ ತಂಡ ಆ ಕೆರೆಯ ಹೂಳೆತ್ತಿಸಿ ಪೂರಕ ಕಾಲುವೆ ಸರಿಪಡಿಸಲು ಧನಸಹಾಯ ಕೇಳಬೇಕೆಂದಿದೆ ಎಂದು ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಆದ್ದರಿಂದ ಉದಾಹರಣೆ ನಿಮ್ಮೂರಿಗೆ ದೂರದ್ದೇನಲ್ಲ.

ಕೆರೆಗೆ ಸಂಬಂಧಪಟ್ಟವರು ಯಾರು? ಕೋಣೆಯಲ್ಲಿ ಕುಳಿತು ಪಟ್ಟಿ ಮಾಡಬೇಡಿ. ಏರಿಯ ಮೇಲೆ ನಡೆಯಿರಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಯಾರು ಬರುತ್ತಾರೆ, ಏನು ಮಾಡುತ್ತಾರೆ ಎಂದು ಬರೆದುಕೊಳ್ಳಿ.

ಏರಿಯ ಕೆಳಗೆ ಅಚ್ಚುಕಟ್ಟಿನ ರೈತರಿದ್ದಾರೆ. ಇವರೆಲ್ಲ ಒಂದೇ ಗುಂಪು ಎಂದುಕೊಳ್ಳಬೇಡಿ. ತೂಬಿನ ಹತ್ತಿರ ಗದ್ದೆಯಿರುವವರಿಗೆ ನೀರು ಮೊದಲು ಸಿಗುತ್ತದೆ. ಕಾಲುವೆಯ ಕೊನೆಯ ಭಾಗದವರಿಗೆ ಸಿಕ್ಕರೂ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನೀರು ಬಿಡುವ ನೀರುಗಂಟಿ ಇದ್ದಾನೆ. ಹಿಂದೆ ರೈತರು ಕೊಡುವ ಕಾಳುಕಡ್ಡಿಯೇ ಅವನ ಸಂಬಳ. ಯಾವ ತೂಬು ಸೋರುತ್ತದೆ, ಯಾವ ಕಾಲುವೆ ಎಲ್ಲಿ ಮುಚ್ಚಿದೆ ಎಂಬುದು ಅವನಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿರುವುದಿಲ್ಲ.

ಕೆರೆಯ ಸುತ್ತ ಕೊಳವೆಬಾವಿ ಇರುವವರಿದ್ದಾರೆ. ತೂಬು ಮುಚ್ಚಿಯೇ ಇದ್ದು ನೀರು ಕೆರೆಯಲ್ಲೇ ಇಂಗಿದರೆ ಇವರಿಗೆ ಅನುಕೂಲ. ತೂಬು ತೆರೆದು ಗದ್ದೆಗೆ ಹರಿದರೆ ಅಚ್ಚುಕಟ್ಟಿನವರಿಗೆ ಅನುಕೂಲ. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದವರಿದ್ದಾರೆ. ಬೇಸಿಗೆಯಲ್ಲೂ ಸ್ವಲ್ಪ ನೀರು ಉಳಿಯಬೇಕೆಂಬುದು ಅವರ ಆಸೆ. ಬಟ್ಟೆ ಒಗೆಯುವವರು, ದನಕ್ಕೆ ನೀರು ಕುಡಿಸುವವರು, ಕೆರೆಯಂಗಳದ ಹಸಿರಿಗಾಗಿ ದೂರದಿಂದ ಬರುವ ಕುರಿಗಾಹಿಗಳು, ಮಣ್ಣಿಗಾಗಿ ಬರುವ ಕುಂಬಾರರು, ಇಟ್ಟಿಗೆ ಗೂಡಿನವರು, ಹೂಳನ್ನು ತಮ್ಮ ಹೊಲಕ್ಕೆ ಹೊಡೆಸಿಕೊಳ್ಳುವ ಬೆದ್ದಲು ರೈತರು ಇದ್ದಾರೆ. ಕೋಡಿ ಬಿದ್ದಾಗ ಬಾಗಿನ ಕೊಡುವ ಊರ ಹೆಣ್ಣುಮಕ್ಕಳಿದ್ದಾರೆ.

ಇನ್ನು ಕೆರೆಯಂಗಳದಲ್ಲೇ ಒತ್ತುವರಿ ಮಾಡಿ ರಾಗಿಯನ್ನೋ ಜೋಳವನ್ನೋ ಬೆಳೆಯುವವರಿರುತ್ತಾರೆ. ಇವರಲ್ಲಿ ಊರ ದೊಡ್ಡವರೂ ಇರಬಹುದು, ಬೇರೆ ಒಂದು ಗುಂಟೆಯೂ ಇಲ್ಲದ ಬಡವರೂ ಇರಬಹುದು. ‘ಒತ್ತುವರಿದಾರರು’ ಎಂಬ ಒಂದೇ ಹೆಸರಿನಲ್ಲಿ ಇಬ್ಬರನ್ನೂ ಕಟ್ಟಿದರೆ ನಿಮ್ಮ ಲೆಕ್ಕ ತಪ್ಪುತ್ತದೆ.

ಊರಿನಾಚೆಗೂ ನೋಡಬೇಕು. ನಮ್ಮ ಹಳೆಯ ಕೆರೆಗಳು ಒಂಟಿಯಾಗಿರುವುದಿಲ್ಲ, ಸರಣಿಯಲ್ಲಿರುತ್ತವೆ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ನೀವು ಈ ಕೆರೆಯನ್ನು ಆಳ ಮಾಡಿದರೆ ಇದು ತುಂಬಿ ಕೋಡಿ ಬೀಳುವುದು ತಡವಾಗುತ್ತದೆ. ಮಳೆ ಕಡಿಮೆಯಾದ ವರ್ಷ ಕೆಳಗಿನ ಊರಿನ ಕೆರೆಗೆ ನೀರೇ ಹೋಗದಿರಬಹುದು. ಕೆಳಗಿನ ಊರಿನವರು ನಿಮ್ಮ ಸಭೆಗೆ ಬಂದವರಲ್ಲ. ಆದರೂ ಅವರು ಸಂಬಂಧಪಟ್ಟವರೇ.

ಕೊನೆಗೆ ಕಚೇರಿಗಳು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುವುದು ವಾಡಿಕೆ. ಗಡಿ ಗುರುತಿಸುವುದು ಕಂದಾಯ ಇಲಾಖೆ ಮತ್ತು ಭೂಮಾಪಕರ ಕೆಲಸ. ಅಂಗಳದಲ್ಲಿ ಸಾಮಾಜಿಕ ಅರಣ್ಯದ ಕಾಲದ ಜಾಲಿ ಮರಗಳಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆರೆಗಳ ಸಂರಕ್ಷಣೆಗೆಂದೇ 2014ರ ಕಾಯಿದೆಯ ಮೂಲಕ ಒಂದು ಪ್ರಾಧಿಕಾರವೂ ರಚನೆಯಾಯಿತು. “ಸರ್ಕಾರಿ ಇಲಾಖೆಗಳು” ಎಂದು ಬರೆದ ಎರಡು ಪದಗಳಲ್ಲಿ ಇಷ್ಟು ಬಾಗಿಲುಗಳು ಅಡಗಿವೆ.

ಎಲ್ಲಿ ಅಗೆಯುತ್ತೀರಿ ಎಂಬುದೇ ಯಾರಿಗೆ ಲಾಭ ಎಂಬುದು

ಇಲ್ಲಿ ವಿಜ್ಞಾನದ ಒಂದು ಸರಳ ಅಂಶವನ್ನು ಗಮನಿಸಿ. ಕೆರೆಯ ನೀರು ಗದ್ದೆಗೆ ಹರಿಯುವುದು ತೂಬಿನ ಮೂಲಕ. ತೂಬಿನ ತಳಮಟ್ಟಕ್ಕಿಂತ ಮೇಲಿರುವ ನೀರು ಮಾತ್ರ ತಾನಾಗಿ ಹೊರಗೆ ಹರಿಯಬಲ್ಲುದು. ಆ ಮಟ್ಟಕ್ಕಿಂತ ಕೆಳಗೆ ನೀವು ಎಷ್ಟು ಆಳ ತೋಡಿದರೂ ಅಲ್ಲಿ ನಿಂತ ನೀರು ಗದ್ದೆಗೆ ಹೋಗುವುದಿಲ್ಲ. ಅದು ದನಕರುಗಳಿಗೆ, ಮೀನಿಗೆ, ಸುತ್ತಲಿನ ಬಾವಿಗಳಿಗೆ ಉಪಯೋಗ. ತೂಬಿನ ಮಟ್ಟಕ್ಕಿಂತ ಮೇಲೆ, ಅಂಗಳದ ಅಂಚಿನಲ್ಲಿ ಕುಳಿತ ಹೂಳು ತೆಗೆದರೆ ಅಚ್ಚುಕಟ್ಟಿಗೆ ನೀರು ಹೆಚ್ಚುತ್ತದೆ. ಆದರೆ ಒತ್ತುವರಿ ಇರುವುದೂ ಅದೇ ಅಂಚಿನಲ್ಲಿ!

ಹೀಗಾಗಿ, “ಇಷ್ಟು ಘನಮೀಟರ್ ಹೂಳು ತೆಗೆಯಲಾಗುವುದು” ಎಂಬ ತಾಂತ್ರಿಕ ವಾಕ್ಯದೊಳಗೆ ಯಾರಿಗೆ ನೀರು ಎಂಬ ತೀರ್ಮಾನವೂ ಸೇರಿಹೋಗಿರುತ್ತದೆ. ಬರೆಯುವವರಿಗೆ ಅದು ಗೊತ್ತಿಲ್ಲದಿರಬಹುದು. ಊರಿನವರಿಗೆ ಮೊದಲ ಟ್ರ್ಯಾಕ್ಟರ್ ಬಂದ ದಿನವೇ ಗೊತ್ತಾಗುತ್ತದೆ.

ವಿಂಗಡಿಸುವ ಬಗೆ

ಪಟ್ಟಿ ಇಪ್ಪತ್ತು ಹೆಸರುಗಳಿಗೆ ಮುಟ್ಟಿತು. ಎಲ್ಲರ ಜೊತೆಗೂ ಒಂದೇ ರೀತಿ ವ್ಯವಹರಿಸಲು ಆಗುವುದಿಲ್ಲ. ಇದಕ್ಕೆ ಬಳಕೆಯಲ್ಲಿರುವ ಒಂದು ಸಾಧನ ನಾಲ್ಕು ಮನೆಗಳ ಚೌಕ. 1981ರಲ್ಲಿ ಮೆಂಡೆಲೋ ಎಂಬ ವಿದ್ವಾಂಸರು ಮಂಡಿಸಿದ ವಿಚಾರದಿಂದ ಇದು ಬೆಳೆದು ಬಂದಿದೆ. ನಿಮ್ಮ ಗ್ರಾಫ್ ಹಾಳೆಯಂತೆಯೇ: ಒಂದು ಅಕ್ಷದಲ್ಲಿ ಶಕ್ತಿ, ಇನ್ನೊಂದು ಅಕ್ಷದಲ್ಲಿ ಆಸಕ್ತಿ.

ಶಕ್ತಿ, ಆಸಕ್ತಿ ಎರಡೂ ಹೆಚ್ಚಿರುವವರು ಮೊದಲ ಮನೆ. ಗ್ರಾಮ ಪಂಚಾಯಿತಿ, ತೂಬಿನ ಹತ್ತಿರದ ದೊಡ್ಡ ರೈತರು ಇಲ್ಲಿ ಬರಬಹುದು. ಇವರ ಜೊತೆ ಪ್ರತಿ ಹಂತದಲ್ಲೂ ಮಾತುಕತೆ ಬೇಕು. ಶಕ್ತಿ ಇದೆ, ಆಸಕ್ತಿ ಇಲ್ಲ ಎಂಬುವರದು ಎರಡನೆಯ ಮನೆ. ತಾಲೂಕು ಕಚೇರಿ, ಅರಣ್ಯ ಇಲಾಖೆ ಇಂಥವು. ಅವರ ಮೇಜಿನ ಮೇಲೆ ನಿಮ್ಮ ಕೆರೆ ನೂರರಲ್ಲಿ ಒಂದು ಕಡತ. ಆಸಕ್ತಿ ಇದೆ, ಶಕ್ತಿ ಇಲ್ಲ ಎಂಬುವರದು ಮೂರನೆಯ ಮನೆ. ಕಾಲುವೆ ಕೊನೆಯ ರೈತ, ಬಟ್ಟೆ ಒಗೆಯುವವರು, ಕುರಿಗಾಹಿ, ಭೂಮಿಯಿಲ್ಲದ ಒತ್ತುವರಿದಾರ. ಎರಡೂ ಕಡಿಮೆ ಇರುವವರು ನಾಲ್ಕನೆಯ ಮನೆ. ಅವರ ಮೇಲೆ ಒಂದು ಕಣ್ಣಿದ್ದರೆ ಸಾಕು.

ಮೂರನೆಯ ಮನೆಯವರಿಗೆ ‘ಆಗಾಗ ತಿಳಿಸುತ್ತಿದ್ದರೆ ಸಾಕು’ ಎಂದು ವ್ಯವಹಾರ ನಿರ್ವಹಣೆಯ ಪುಸ್ತಕಗಳು ಹೇಳುತ್ತವೆ. ಕಂಪನಿ ನಡೆಸುವವರಿಗೆ ಅದು ಸಾಕಾಗಬಹುದು. ಊರಿನ ಕೆಲಸಕ್ಕೆ ಸಾಲದು. ಕುಸನೂರಿನಲ್ಲಿ ಸಸಿ ಕಿತ್ತವರು ಇದೇ ಮೂರನೆಯ ಮನೆಯವರಲ್ಲವೇ? ಜೊತೆಗೆ, ಕೆರೆ ಹೋದರೆ ಬದುಕು ಕೆಡುವುದು ಇವರದೇ.

1997ರಲ್ಲಿ ಮಿಚೆಲ್, ಏಗಲ್ ಮತ್ತು ವುಡ್ ಎಂಬ ಮೂವರು ಇದಕ್ಕೆ ಇನ್ನೊಂದು ಅಳತೆಗೋಲು ಕೊಟ್ಟರು. ಮೂರು ಪ್ರಶ್ನೆ ಕೇಳಿ ಎಂದರು: ಇವರಿಗೆ ಶಕ್ತಿ ಇದೆಯೇ? ಇವರ ಕೇಳಿಕೆ ನ್ಯಾಯವಾದುದೇ? ಅದು ತುರ್ತಾದುದೇ? ಹೂಳಿನ ನೆಪದಲ್ಲಿ ಮಣ್ಣು ಮಾರುವವನಿಗೆ ಶಕ್ತಿ ಇರಬಹುದು, ನ್ಯಾಯವಿಲ್ಲ. ಬೇಸಿಗೆಯಲ್ಲಿ ಕುರಿಗೆ ನೀರು ಹುಡುಕಿ ಬಂದವನಿಗೆ ನ್ಯಾಯವೂ ಇದೆ, ತುರ್ತೂ ಇದೆ, ಶಕ್ತಿ ಮಾತ್ರ ಇಲ್ಲ. ಹೀಗೆ ಬಿಡಿಸಿ ನೋಡಿದಾಗ ಯಾರ ಪರವಾಗಿ ಯಾರ ಬಳಿ ಮಾತನಾಡಬೇಕೆಂಬುದು ನಿಮಗೇ ಹೊಳೆಯುತ್ತದೆ.

ತೊಡಗಿಸಿಕೊಳ್ಳುವುದು ಬೇರೆ, ಮನವೊಲಿಸುವುದು ಬೇರೆ

ನಮೂನೆಯಲ್ಲಿ ಈ ಎರಡು ಮಾತುಗಳು ಜೊತೆಯಾಗಿ ಬರುತ್ತವೆ. ಅರ್ಥ ಬೇರೆ ಬೇರೆ.

ತೊಡಗಿಸಿಕೊಳ್ಳುವುದೆಂದರೆ ತೀರ್ಮಾನದಲ್ಲಿ ಅವರಿಗೆ ಪಾಲು ಕೊಡುವುದು. ಅವರ ಮಾತಿನಿಂದ ನಿಮ್ಮ ಯೋಜನೆ ಬದಲಾಗಲು ಅವಕಾಶವಿರಬೇಕು. ಎಲ್ಲ ನಿರ್ಧಾರವಾದ ಮೇಲೆ ಸಭೆ ಕರೆದು ಹೇಳಿದರೆ ಅದು ತಿಳಿಸುವುದಾಯಿತು, ತೊಡಗಿಸಿಕೊಂಡಂತಾಗಲಿಲ್ಲ. ಶೆರ‍್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಲೇಖಕಿ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲುಗಳಿವೆ ಎಂದು ತೋರಿಸಿದ್ದರು. ತಿಳಿಸುವುದು ಕೆಳಗಿನಿಂದ ಮೂರನೆಯ ಮೆಟ್ಟಿಲು ಮಾತ್ರ.

ಮನವೊಲಿಸುವುದೆಂದರೆ ಒಬ್ಬರು ಈಗ ಮಾಡದಿರುವ ಒಂದು ಕೆಲಸವನ್ನು ಮಾಡುವಂತೆ ಒಪ್ಪಿಸುವುದು. ಇದಕ್ಕೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಅವರಿಂದ ನಿಖರವಾಗಿ ಏನು ಬೇಕು? ಅದನ್ನು ಮಾಡಲು ಅವರಿಗಿರುವ ಅಡ್ಡಿ ಅಥವಾ ಭಯ ಏನು? ಅವರು ಯಾರ ಮಾತು ಕೇಳುತ್ತಾರೆ? ಯಾವ ಕಾಲದಲ್ಲಿ ಕೇಳಬೇಕು?

ಉದಾಹರಣೆಗೆ, “ಕಂದಾಯ ಇಲಾಖೆಯ ಸಹಕಾರ ಪಡೆಯಲಾಗುವುದು” ಎಂದರೆ ಏನೂ ಹೇಳಿದಂತಾಗಲಿಲ್ಲ. ನಿಮಗೆ ಬೇಕಾದುದು ಕೆರೆಯ ಗಡಿ ಅಳತೆ. ಹೂಳು ತೆಗೆಯಲು ಆಗುವುದು ಕೆರೆ ಒಣಗಿದ ಬೇಸಿಗೆಯಲ್ಲಿ ಮಾತ್ರ. ಅಷ್ಟರೊಳಗೆ ಅಳತೆ ಮುಗಿದು ಕಲ್ಲು ನೆಟ್ಟಿರಬೇಕು. ಹಾಗಾದರೆ ಅಳತೆಗೆ ಮನವಿ ಹೋಗಬೇಕಾದುದು ಮಳೆಗಾಲ ಮುಗಿಯುತ್ತಿರುವಾಗಲೇ. ಒಬ್ಬ ವಿದ್ಯಾರ್ಥಿಯ ಮನವಿಗಿಂತ ಗ್ರಾಮ ಪಂಚಾಯಿತಿಯ ನಿರ್ಣಯದ ಪ್ರತಿಗೆ ಕಚೇರಿಯಲ್ಲಿ ಬೆಲೆ ಹೆಚ್ಚು. ಅಂದರೆ ಮೊದಲು ಪಂಚಾಯಿತಿ, ಆಮೇಲೆ ತಾಲೂಕು ಕಚೇರಿ. ಈ ಕ್ರಮ ತಪ್ಪಿದರೆ ಹಣ ಬರುವಾಗ ಕೆರೆಗೆ ನೀರು ಬಂದಿರುತ್ತದೆ, ಒಂದು ವರ್ಷ ಕೈಬಿಟ್ಟುಹೋಗುತ್ತದೆ.

ಇನ್ನು ಭೂಮಿಯಿಲ್ಲದ ಒತ್ತುವರಿದಾರ. ಕಾಯಿದೆ ತೋರಿಸಿ ಬೆದರಿಸಿದರೆ ಆತ ಊರ ದೊಡ್ಡ ಒತ್ತುವರಿದಾರರ ಹಿಂದೆ ಹೋಗಿ ನಿಲ್ಲುತ್ತಾನೆ. ಹೂಳು ತೆಗೆಯುವ ಕೂಲಿಯಲ್ಲಿ ಮೊದಲ ಪಾಲು, ಏರಿಯ ಹುಲ್ಲಿನ ಹಕ್ಕು, ಈ ಬೆಳೆ ಕೊಯ್ಯುವವರೆಗಿನ ಅವಕಾಶ, ಇಂಥ ಏನನ್ನಾದರೂ ಊರು ಒಪ್ಪಿ ಕೊಡಬಲ್ಲುದೇ? ಅದನ್ನು ಅವನ ಜೊತೆ ಕುಳಿತೇ ಮಾತಾಡಬೇಕು. ಸಂಘ ಕಟ್ಟಿದ ಮೇಲೂ ಇಂಥ ಮಾತುಕತೆ ಮುಗಿಯುವುದಿಲ್ಲ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯ ತಿರುಳೇ ಕೆರೆಯ ನಿರ್ವಹಣೆಯನ್ನು ಬಳಕೆದಾರರ ಸಂಘಗಳಿಗೆ ವಹಿಸುವುದಾಗಿತ್ತು. ಸಂಘದ ಒಳಗೆ ಯಾರ ದನಿ ಕೇಳುತ್ತದೆ ಎಂಬ ಪ್ರಶ್ನೆ ಅಲ್ಲೂ ಉಳಿಯುವಂಥದ್ದೇ.

ಮುಂದೆ ಬರುವವರು, ಹಿಂದೆ ನಿಲ್ಲುವವರು

ದೂರದರ್ಶನದ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇದೆ. ಕ್ಯಾಮೆರಾ ಊರೊಳಗೆ ಹೋದ ಕೂಡಲೇ ಮುಂದೆ ಬಂದು “ನಾನು ಹೇಳ್ತೀನಿ ಸಾರ್” ಎನ್ನುವವರು ಬೇರೆ. ಗೋಡೆಯ ಮರೆಯಲ್ಲಿ, ಗುಂಪಿನ ಹಿಂದೆ ನಿಂತು ನೋಡುವವರು ಬೇರೆ. ಮುಂದೆ ಬಂದವರ ಮಾತು ಸುಳ್ಳಾಗಿರಬೇಕಿಲ್ಲ. ಆದರೆ ಅದು ಊರಿನ ಒಂದು ಭಾಗದ ಮಾತು ಮಾತ್ರ. ಅರ್ಜಿ ಬರೆಯುವವರ ಸ್ಥಿತಿಯೂ ಇದೇ.

ಭಾರತದ ಮೊದಲ ಉಪಗ್ರಹ ದೂರದರ್ಶನ ಪ್ರಯೋಗವಾದ ‘ಸೈಟ್’ 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು. ನಮ್ಮಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಊರಿಗೊಂದು ಟಿವಿ ಪೆಟ್ಟಿಗೆ. ಅದನ್ನು ಊರಿನ ಎಲ್ಲ ಜಾತಿಯ ಜನರೂ ಬಂದು ಕೂರಬಹುದಾದ ಶಾಲೆಯಂಥ ಸಾರ್ವಜನಿಕ ಸ್ಥಳದಲ್ಲಿ ಇಡಬೇಕೆಂದು, ನೋಡಿಕೊಳ್ಳಲು ಒಬ್ಬರು ಇರಬೇಕೆಂದು ಏರ್ಪಾಡು ಮಾಡಿದ್ದರು. ಉಪಗ್ರಹ 36 ಸಾವಿರ ಕಿಲೋಮೀಟರ್ ಮೇಲಿತ್ತು; ಕಾರ್ಯಕ್ರಮ ಜನರಿಗೆ ತಲುಪುವುದು ಮಾತ್ರ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಅವಲಂಬಿಸಿತ್ತು. ನಿಮ್ಮ ಯೋಜನೆಯಲ್ಲೂ ಇಂಥ ಒಂದು ಬೀಗದ ಕೈ ಎಲ್ಲೋ ಇರುತ್ತದೆ. ಹುಡುಕಿ.

ಹಿಂದೆ ನಿಲ್ಲುವವರ ಮಾತು ಕೇಳಲು ದಾರಿಗಳಿವೆ. ಸಭೆಯನ್ನು ಪಂಚಾಯಿತಿ ಕಟ್ಟಡದಲ್ಲಷ್ಟೇ ಅಲ್ಲದೆ ಕೇರಿಯಲ್ಲೂ ಇಡಿ. ಹೆಂಗಸರ ಜೊತೆ ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಬೇರೆಯಾಗಿ ಮಾತಾಡಿ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕೆರೆಯ ನಕ್ಷೆಯನ್ನು ಊರಿನವರಿಂದಲೇ ಬರೆಸಿ. ಬಾಯಿಬಿಡದವರೂ ಕಡ್ಡಿ ಹಿಡಿದು ತೋರಿಸುತ್ತಾರೆ. 1990ರ ದಶಕದಲ್ಲಿ ಗ್ರಾಮೀಣ ಸಹಭಾಗಿ ಸಮೀಕ್ಷೆ ಎಂಬ ಹೆಸರಿನಲ್ಲಿ ಹರಡಿದ ಈ ವಿಧಾನವನ್ನು ಬೆಳೆಸಿದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯೂ ಒಂದು.

ಅರ್ಜಿಯಲ್ಲಿ ಬರೆಯುವುದು ಹೇಗೆ?

ಮೊದಲನೆಯದು, ಗುಂಪಿನ ಹೆಸರು ನಿಖರವಾಗಿರಲಿ. “ರೈತರು” ಎನ್ನುವ ಬದಲು “ಕಾಲುವೆಯ ಕೊನೆಯ ಭಾಗದ ಇಷ್ಟು ಕುಟುಂಬಗಳು” ಎನ್ನಿ. ಸಂಖ್ಯೆಯನ್ನು ಎಣಿಸಿಯೇ ಬರೆಯಿರಿ.

ಎರಡನೆಯದು, ಪ್ರತಿ ಗುಂಪಿನ ಮುಂದೆ ಅವರಿಗೆ ಆಗುವ ಲಾಭವನ್ನೂ ನಷ್ಟವನ್ನೂ ಬರೆಯಿರಿ. ಯಾರಿಗೂ ನಷ್ಟವಿಲ್ಲದ ಯೋಜನೆ ಎಂದು ಬರೆದರೆ ಪರಿಶೀಲಿಸುವವರು ನಂಬುವುದಿಲ್ಲ. ವಿರೋಧ ಬರುವುದಿದ್ದರೆ ಯಾರಿಂದ, ಏಕೆ ಎಂದು ನೀವೇ ಹೇಳಿ. ಅದರಿಂದ ಅರ್ಜಿ ದುರ್ಬಲವಾಗುವುದಿಲ್ಲ. ನೀವು ಊರಿಗೆ ಹೋಗಿ ಬಂದಿದ್ದೀರಿ ಎಂಬುದಕ್ಕೆ ಅದೇ ಸಾಕ್ಷಿ.

ಮೂರನೆಯದು, ಯಾರು ಯಾರ ಜೊತೆ, ಯಾವ ತಿಂಗಳಲ್ಲಿ, ಎಷ್ಟು ಸಾರಿ ಮಾತಾಡುತ್ತೀರಿ ಎಂಬುದನ್ನು ಕಾಲಪಟ್ಟಿಯಲ್ಲಿ ಸೇರಿಸಿ. ನಾಲ್ಕನೆಯದು, ಅದಕ್ಕೆ ಹಣ ತೆಗೆದಿಡಿ. ಕೂಲಿ ಮಾಡುವವರು ಒಂದು ದಿನ ಸಭೆಗೆ ಬಂದರೆ ಆ ದಿನದ ಸಂಪಾದನೆ ಹೋಗುತ್ತದೆ. ಬಸ್ ಚಾರ್ಜು, ಚಹಾ, ನಕ್ಷೆಯ ಹಾಳೆ ಎಲ್ಲಕ್ಕೂ ಖರ್ಚಿದೆ. ಜೆ.ಸಿ.ಬಿ.ಗೆ ಮಾತ್ರ ಹಣ ಕೇಳಿ ಮಾತುಕತೆಗೆ ಒಂದು ರೂಪಾಯಿಯೂ ಇಡದ ಅರ್ಜಿ, ತನ್ನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ತಾನೇ ಹೇಳಿಬಿಡುತ್ತದೆ.

ಐದನೆಯದು, ಊರಿನವರ ಮಾತಿನಿಂದ ಯೋಜನೆಯಲ್ಲಿ ಏನು ಬದಲಾಯಿತು ಎಂಬುದನ್ನು ಒಂದೆರಡು ವಾಕ್ಯದಲ್ಲಿ ತಿಳಿಸಿ. ಉದಾಹರಣೆಗೆ, ಕುರಿಗಾಹಿಗಳ ಕೋರಿಕೆಯಂತೆ ಒಂದು ಬದಿಯನ್ನು ಇಳಿಜಾರಾಗಿ ಬಿಡಲಾಗಿದೆ ಎಂದು. ಕಡಿದಾಗಿ ಅಗೆದ ಕೆರೆಗೆ ದನ ಇಳಿಯಲಾರದು, ಮಗು ಬಿದ್ದರೆ ಹತ್ತಲಾರದು.

ಕೊನೆಯ ಎರಡು ಮಾತು

ಮನವೊಲಿಸುವುದಕ್ಕೂ ಒಂದು ಮಿತಿ ಇದೆ. ಮುಚ್ಚಿಟ್ಟು ಒಪ್ಪಿಸಿದರೆ ಅದು ಮೋಸ. ಅಧಿಕಾರಿಗೆ ಒಂದು, ರೈತರಿಗೆ ಒಂದು, ಹಣ ಕೊಡುವವರಿಗೆ ಇನ್ನೊಂದು ಹೇಳಿದರೆ ಮೂವರೂ ಒಂದೇ ಏರಿಯ ಮೇಲೆ ಸೇರಿದ ದಿನ ನಿಮ್ಮ ಕೆಲಸ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಅರ್ಜಿಯ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಊರಿನಲ್ಲಿ ಓದಿ ಹೇಳಿ. ಓದಿ ಹೇಳಲು ಹಿಂಜರಿಕೆಯಾಗುವ ವಾಕ್ಯವಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಬಾರದು.

ಇನ್ನೊಂದು. ಸಭೆಗೆ ಬರಲಾಗದ ಸಂಬಂಧಪಟ್ಟವರೂ ಇದ್ದಾರೆ. ಜಾಲಿ ಮರದ ಮೇಲೆ ಕೂರುವ ಬೆಳ್ಳಕ್ಕಿ ಇದೆ. ಇನ್ನೂ ಹುಟ್ಟದ ಮಕ್ಕಳಿದ್ದಾರೆ. ನೀವು ಈಗ ನೋಡುತ್ತಿರುವ ಕೆರೆಯನ್ನು ಕಟ್ಟಿದವರು ನಿಮ್ಮನ್ನು ಕಂಡವರಲ್ಲ. ಆದರೂ ಏರಿಯ ದಪ್ಪ, ಕೋಡಿಯ ಎತ್ತರ ಲೆಕ್ಕ ಹಾಕುವಾಗ ನಿಮ್ಮನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿದ್ದರು. ನಿಮ್ಮ ಪಟ್ಟಿಯಲ್ಲೂ ಅಂಥವರಿಗೆ ಒಂದು ಸಾಲು ಇರಲಿ.

ಮಾಡಿ ನೋಡಿ

1. ನಿಮ್ಮ ಊರಿನ ಕೆರೆ, ಬಾವಿ, ಆಟದ ಬಯಲು, ಸಂತೆ ಮೈದಾನ, ಇವುಗಳಲ್ಲಿ ಒಂದನ್ನು ಆರಿಸಿ. ಒಂದೇ ದಿನ ಮೂರು ಬೇರೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ, ಬರುವವರ ಪಟ್ಟಿ ಮಾಡಿ. ಮೂರು ಪಟ್ಟಿಗಳಲ್ಲಿರುವ ವ್ಯತ್ಯಾಸವೇನು?

2. ಆ ಜಾಗದಲ್ಲಿ ಒಂದು ಕೆಲಸ ಮಾಡಬೇಕೆಂದು ಊಹಿಸಿ ನಾಲ್ಕು ಮನೆಗಳ ಚೌಕ ಬರೆಯಿರಿ. ಮೂರನೆಯ ಮನೆಯಲ್ಲಿರುವ ಒಬ್ಬರನ್ನು ಭೇಟಿಯಾಗಿ ನಿಮ್ಮ ಚೌಕವನ್ನು ಅವರಿಗೆ ತೋರಿಸಿ. ಅವರು ಯಾರನ್ನು ಯಾವ ಮನೆಗೆ ಬದಲಾಯಿಸಿದರು?

3. ನಿಮ್ಮ ಕಾಲೇಜಿನ ಹಿಂದಿನ ಯಾವುದಾದರೂ ಯೋಜನಾ ವರದಿಯನ್ನು ಓದಿ. ಅದರಲ್ಲಿ ಹೆಸರೇ ಇಲ್ಲದ ಸಂಬಂಧಪಟ್ಟವರು ಯಾರು? ತರಗತಿಯಲ್ಲಿ ಚರ್ಚಿಸಿ.